ಹಡಗಿಗೆ ಹೆಸರಿಟ್ಟ ಕಾಕೂ

ಕಾಕೂ ತೆಂಗಿನಕಾಯಿಯನ್ನು ಎಡ ಅಂಗೈಯಲ್ಲಿ ಹಿಡಿದು, ಕತ್ತಿಯ ಬೆನ್ನಿನಿಂದ ಒಂದೇ ಏಟು ಹಾಕುತ್ತಿದ್ದರು. ಬಳೆಯಿಲ್ಲದ ಆ ಮಣಿಕಟ್ಟು ಅಲುಗುತ್ತಲೂ ಇರಲಿಲ್ಲ, ಕಾಯಿ ಸಮನಾಗಿ ಎರಡು ಹೋಳು. ಮರಾಠಿ ಸೀಮೆಯ ಓಝರಿನ ನಮ್ಮ ಕಾಲೋನಿಯಲ್ಲಿ ಚಟ್ನಿಗೆ ಕಾಯಿ ಒಡೆಸಲು ಎಲ್ಲರೂ ಅವರ ಬಾಗಿಲಿಗೇ ಬರುತ್ತಿದ್ದರು. ಅದೇ ಹೆಂಗಸರು ಪೂಜೆಯ ಕಾಯಿಯನ್ನು ಮಾತ್ರ ಸೆರಗಿನಲ್ಲಿ ಮುಚ್ಚಿಕೊಂಡು ಅವರ ಮನೆ ದಾಟುತ್ತಿದ್ದರು. ಗಂಡ ಸತ್ತವಳ ಕೈ ಚಟ್ನಿಗೆ ನಡೆಯುತ್ತದೆ, ದೇವರಿಗೆ ನಡೆಯುವುದಿಲ್ಲ. ಎಂಥ ಹೇಸಿಗೆಯ ಮಡಿಯೋ ಇದು.

ಅವರು ನಮ್ಮ ಪಕ್ಕದ ಮನೆಯವರು, ಬೀದರ್ ಕಡೆಯವರು; ಚಿಕ್ಕಮ್ಮನೆಂಬಂತೆ ಎಲ್ಲರಿಗೂ ಕಾಕೂ. ಮದುವೆಯಾಗಿ, ಮರಾಠಿಯ ಒಂದಕ್ಷರ ಬಾರದೆ ನಾನು ಇಲ್ಲಿಗೆ ಬಂದಾಗ ಸಂತೆಗೆ ಕೈಹಿಡಿದು ಕರೆದೊಯ್ದವರು. ತರಕಾರಿಯವನು ಬೆಲೆ ಏರಿಸಿದರೆ, “ನಕ್ಕು ಮುಂದ ನಡಿವಾ, ತಾನ ಕರೀತಾನ” ಎಂದು ಕಿವಿಯಲ್ಲಿ ಹೇಳುತ್ತಿದ್ದರು.

ಅವರ ಯಜಮಾನರು ನೌಕಾಪಡೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಹೊಸ ಯುದ್ಧನೌಕೆಯನ್ನು ನೀರಿಗಿಳಿಸುವಾಗ ಒಬ್ಬ ಹೆಂಗಸು ಅದರ ಮೂತಿಗೆ ಕಾಯಿ ಒಡೆದು, ಹೆಸರಿಟ್ಟು, ಇದರಲ್ಲಿ ಹೋಗುವವರೆಲ್ಲ ಸುಖವಾಗಿ ಮರಳಲಿ ಎಂದು ಹರಸುವ ಪದ್ಧತಿಯಿದೆ. ಆಕೆಯನ್ನು ಸ್ಪಾನ್ಸರ್ ಎನ್ನುತ್ತಾರೆ. ದುಡ್ಡು ಕೊಡುವ ಕೆಲಸವಲ್ಲ, ತಾಯಿಯ ಕೆಲಸ. ಹಡಗು ಇರುವವರೆಗೂ ಆ ನಂಟು. ಪ್ರಾಯದಲ್ಲಿ ಕಾಕೂ ಒಂದು ಸಣ್ಣ ಹಡಗಿಗೆ ಹೀಗೆ ಹೆಸರಿಟ್ಟಿದ್ದರು. ಪ್ರತಿ ವರ್ಷ ಪಕ್ಕದ ಪಿಂಪಳಗಾಂವಿನಿಂದ ಒಣದ್ರಾಕ್ಷಿ ತರಿಸಿ ಅದರ ಹುಡುಗರಿಗೆ ಕಳಿಸುತ್ತಿದ್ದರು.

ಆ ಹಡಗು ಹಳತಾಗಿ ಗುಜರಿಗೆ ಹೋಯಿತು. ಅದೇ ಹೆಸರಿನ ಹೊಸ ಹಡಗು ಸಿದ್ಧವಾದಾಗ ಮುಂಬಯಿಯಿಂದ ಅಧಿಕಾರಿಯೊಬ್ಬರು ಫೋನ್ ಮಾಡಿ, ಇದಕ್ಕೂ ನೀವೇ ಬರಬೇಕು ಎಂದರು. ಕಾಕೂ ಹಿಗ್ಗಿ ಹೀರೇಕಾಯಿಯಾದರು. ನನ್ನೆದುರು ನಿಂತು ಹರಸುವ ಮಾತುಗಳನ್ನು ಬಾಯಿಪಾಠ ಒಪ್ಪಿಸಿದರು.

ಆಗ ಬಂದ ಅವರ ಮಗ. ಈಗ ಸಂಭಾಜಿನಗರವಾಗಿರುವ ಔರಂಗಾಬಾದಿನಲ್ಲಿ ಅವನ ಕಾರ್ಖಾನೆ. ಹಡಗು ಕಟ್ಟುವವರಿಗೆ ನಟ್ಟು ಬೋಲ್ಟು ಮಾರುತ್ತಿದ್ದ. ನಾನು ಚಹಾ ಕೊಡುತ್ತಿದ್ದೆ.

“ನಿನಗ ಆರಾಮಿಲ್ಲ ಅಂತ ಅವರಿಗೆ ಹೇಳೀನಿ ಅವ್ವಾ. ನಮ್ಮಾಕಿ ಹೋಗ್ತಾಳ. ನಾಳೆ ಹಡಗಕ್ಕ ಏನಾರ ಆದ್ರ, ವಿಧವಾ ಕಾಯಿ ಒಡದಿದ್ಳು ಅಂತಾರ ಮಂದಿ. ನನ್ನ ಧಂದಾ ಏನಾಗಬೇಕು?”

“ಆ ಹುಡುಗ್ರು ಸುಖವಾಗಿ ತಿರುಗಿ ಬರ್ಲಿ ಅನ್ನಾಕ ಹಣಿಮ್ಯಾಲ ಕುಂಕುಮ ಬೇಕೇನೋ?” ಎಂದರು ಕಾಕೂ.

ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿಂದ. ಅವನು ಹೋದ ಮೇಲೆ, ಅಧಿಕಾರಿಗೆ ಫೋನ್ ಮಾಡಿ ನಿಜ ಹೇಳಿರಿ ಎಂದು ಗೋಗರೆದೆ. “ಹೊಟ್ಟ್ಯಾಗ ಹುಟ್ಟಿದವನ್ನ ನಾನ ಸುಳ್ಳಗಾರ ಅನ್ಲೇನು?” ಎಂದರು. ಸೊಸೆ ಹೋಗಿ ಕಾಯಿ ಒಡೆದು, ಫೋಟೋ ತೆಗೆಸಿಕೊಂಡು ಬಂದಳು.

ಅಂದಿನಿಂದ ಕಾಕೂ ಯಾರಿಗೂ ಕಾಯಿ ಒಡೆದುಕೊಡಲಿಲ್ಲ. ಚಟ್ನಿಗೆಂದು ಬಂದವರಿಗೆ, “ನನಗ ಆರಾಮಿಲ್ಲಂತ” ಎಂದು ಬಾಗಿಲು ಹಾಕುತ್ತಿದ್ದರು.

ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು. ಮರುದಿನವೇ ಚೌಕದಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಎದ್ದಿತು. ಕೈತುಂಬ ಬಳೆ ತೊಟ್ಟ ಪ್ರಾಯದ ಕಾಕೂ, ಹಿಂದೆ ಯುದ್ಧನೌಕೆ, ಕೆಳಗೆ ಮರಾಠಿಯಲ್ಲಿ ‘ರಣನೌಕೆಯ ಮಾತೆ’. ಪಕ್ಕದಲ್ಲಿ ಅವರಿಗಿಂತ ದೊಡ್ಡದಾಗಿ ಮಗ ಕೈಮುಗಿದು ನಿಂತಿದ್ದ.

“ಫೋಟೋ ಚಲೋ ಬಂದದಲ್ರೀ ವೈನಿ?” ಎಂದು ಫ್ಲೆಕ್ಸಿನ ಕೆಳಗೆ ನಿಂತಿದ್ದ ಅವನು ನನ್ನನ್ನು ಕೇಳಿದ.

“ಇರೂತನಕ ಆರಾಮಿಲ್ಲ ಅಂದ್ರಿ. ಸತ್ತ ಮ್ಯಾಲ ಹಡಗದ ಅವ್ವನ್ನ ಮಾಡಿದ್ರಿ” ಎಂದೆ.

ಹದಿಮೂರನೆಯ ದಿನದ ಊಟಕ್ಕೆ ಅವನು ಎರಡು ಸಲ ಹೇಳಿಕಳಿಸಿದ. ಕಾಕೂ ಅವರ ಋಣ ನನ್ನ ತಲೆಯ ಮೇಲಿದೆ, ಅದು ತೀರುವಂಥದ್ದಲ್ಲ. ಅವನ ಅನ್ನದ ಋಣ ಬೇಡವೆಂದು ನಾನು ಹೋಗಲಿಲ್ಲ.