ಗೋಂದಣ್ಣನ ತಂಗಿಯ ಕೈಗಳು

ಗಲ್ಲಿಯವರೆಲ್ಲ ಅವನನ್ನು ಗೋಂದಣ್ಣ ಎಂದೇ ಕರೆಯುತ್ತಿದ್ದರು. ಗೋಂದು, ಬಣ್ಣ ಮತ್ತು ಡೈಕ್ರೋಮೇಟ್ ಎಂಬ ಕಿತ್ತಳೆ ಪುಡಿ ಇಷ್ಟರಿಂದಲೇ ಕಾಗದದ ಮೇಲೆ ಫೋಟೊ ಮೂಡಿಸುವ ಹಳೆಯ ವಿದ್ಯೆ ಅವನದು. ಗೋಂದನ್ನು ಬಟ್ಟೆಗಂಟಿನಲ್ಲಿ ಕಟ್ಟಿ ಎರಡು ದಿನ ನೆನೆಹಾಕಬೇಕು. ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ಗೋಂದು, ಕಪ್ಪು ಬಣ್ಣದ ಜೊತೆ ಕಲಸಿ ಕಾಗದಕ್ಕೆ ಬಳಿಯಬೇಕು. ಒಣಗಿದ ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೊಡ್ಡಿ ನೀರಿನಲ್ಲಿ ತೇಲಿಬಿಟ್ಟರೆ, ಬಿಸಿಲು ತಾಗದ ಕಡೆ ಬಣ್ಣ ಬಿಟ್ಟುಹೋಗಿ ಮುಖವೊಂದು ಉಳಿಯುತ್ತಿತ್ತು.

ಮೂವತ್ತು ವರ್ಷ ಬರಿಗೈಯಲ್ಲಿ ಈ ಕೆಲಸ ಮಾಡಿದರೂ ಒಂದು ಗುಳ್ಳೆ ಎದ್ದಿರಲಿಲ್ಲ. ಅದೇ ಅವನ ಜಂಬ.

ತಂಗಿ ಚರ್ಮದ ಚೀಲ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಹೊಸಬರು ಬಂದರೆ ಮೇಸ್ತ್ರಿ ಅವಳ ಹೊಲಿಗೆಯನ್ನೇ ತೋರಿಸುತ್ತಿದ್ದ. ಗಂಡ ತೀರಿಕೊಂಡ ಮೇಲೆ ರಜೆಯ ದಿನ ಮನೆಯಲ್ಲಿ ಒಬ್ಬಳೇ ಕೂರಲಾರದೆ ಅಣ್ಣನ ಹತ್ತಿರ ಬರತೊಡಗಿದಳು. ತೂಗುವುದು, ಕದಡುವುದು, ಬಳಿಯುವುದು ಎಲ್ಲ ಎರಡೇ ತಿಂಗಳಲ್ಲಿ ಕರಗತವಾಯಿತು.

"ಅಣ್ಣಾ, ಡಬ್ಬಿ ಮೇಲೆ ತಲೆಬುರುಡೆ ಚಿತ್ರ ಇದೆಯಲ್ಲ. ಗ್ಲೌಸ್ ಹಾಕ್ಕೊಳ್ಲಾ?"

"ಗ್ಲೌಸ್ ಹಾಕ್ಕೊಂಡ್ರೆ ಹದ ಕೈಗೆ ಗೊತ್ತಾಗಲ್ಲ ಕಣೇ. ನನ್ನ ಕೈಗೆ ಏನಾಗಿದೆ ನೋಡು. ಪುಕ್ಕಲಿ ನೀನು."

ಅವಳು ನಕ್ಕು ಗ್ಲೌಸನ್ನು ಬದಿಗಿಟ್ಟಳು.

ಆರನೆಯ ತಿಂಗಳಿಗೆ ಬೆರಳ ಸಂದಿಯಲ್ಲಿ ಕಡಿತ ಶುರುವಾಯಿತು. ಆಮೇಲೆ ನೀರುಗುಳ್ಳೆ, ಬಿರುಕು, ರಕ್ತ. "ಸೋಪು ಬದಲಾಯಿಸು" ಎಂದ ಅಣ್ಣ. ಬದಲಾಯಿಸಿದಳು. ಕೊನೆಗೆ ಚರ್ಮದ ಡಾಕ್ಟರು ಅವಳ ಬೆನ್ನಿಗೆ ಅಲರ್ಜಿ ಪತ್ತೆಹಚ್ಚುವ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿ, ಇಬ್ಬರನ್ನೂ ಕೂರಿಸಿಕೊಂಡರು.

"ಕ್ರೋಮ್ ಅಲರ್ಜಿ. ಆ ಕಿತ್ತಳೆ ಪುಡಿಯಲ್ಲಿರೋ ಕ್ರೋಮ್‌ನಿಂದ ಬಂದಿರೋದು. ಒಂದ್ಸಲ ಬಂದ್ರೆ ಹೋಗೋದು ಕಷ್ಟ."

"ಇನ್ನು ಆ ಪುಡಿ ಮುಟ್ಟಲ್ಲ ಡಾಕ್ಟ್ರೇ" ಎಂದಳು ತಂಗಿ.

"ಅಷ್ಟೇ ಅಲ್ಲಮ್ಮ. ಚರ್ಮ ಹದ ಮಾಡೋದಕ್ಕೂ ಕ್ರೋಮೇ ಹಾಕ್ತಾರೆ. ನೀವು ಹೊಲಿಯೋ ಚರ್ಮಾನೂ ಮುಟ್ಟೋ ಹಾಗಿಲ್ಲ."

ಅವಳು ಮಡಿಲಲ್ಲಿದ್ದ ಕೈಗಳನ್ನು ಯಾರದೋ ಎಂಬಂತೆ ನೋಡುತ್ತ ಕೂತಿದ್ದಳು.

ಹದಿನೆಂಟು ವರ್ಷದ ಕೆಲಸ ಕೈಬಿಟ್ಟುಹೋಯಿತು. ಮೇಸ್ತ್ರಿ ಒಳ್ಳೆಯವನು, ಪ್ಯಾಕಿಂಗಿಗೆ ಹಾಕಿ ನೋಡಿದ. ಅಲ್ಲಿಯೂ ಚೀಲ ಮುಟ್ಟಲೇಬೇಕಲ್ಲ. ವಾರದೊಳಗೆ ಕೈ ಮತ್ತೆ ಒಡೆಯಿತು. ಚರ್ಮದ ಚಪ್ಪಲಿ ಮೆಟ್ಟಿದರೆ ಪಾದವೂ ಕೆಂಪಗಾಗುತ್ತಿತ್ತು.

ಒಂದು ಮಧ್ಯಾಹ್ನ ಗೋಂದಣ್ಣ ಮನೆಯಲ್ಲಿದ್ದ ಡೈಕ್ರೋಮೇಟನ್ನೆಲ್ಲ ಬಕೆಟ್ ನೀರಿನಲ್ಲಿ ಕರಗಿಸಿ, ಅದರ ವಿಷ ಮುರಿಯುವ ಇನ್ನೊಂದು ಪುಡಿ ಸುರಿದ. ಕಿತ್ತಳೆ ನೀರು ನೋಡುನೋಡುತ್ತಿದ್ದಂತೆ ಕೊಳಕು ಹಸಿರಾಯಿತು. ಇನ್ನು ಅದು ಯಾವ ಚಿತ್ರಕ್ಕೂ ಬಾರದು.

ತಂಗಿ ಬಾಗಿಲಲ್ಲಿ ನಿಂತಿದ್ದಳು. "ಯಾಕಣ್ಣಾ ಹಾಳು ಮಾಡಿದೆ? ನಿಂಗೇನೂ ಆಗಿರ್ಲಿಲ್ವಲ್ಲ."

ಅದರಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅವನಿಗೆ ತಡೆಯಲಾಗಲಿಲ್ಲ. "ಒಂದ್ಸಲ ಬಾಯ್ತುಂಬ ಬೈದುಬಿಡೇ" ಎಂದ.

"ಬೈದು ಏನು ಮಾಡ್ಲಿ?" ಎಂದು ಅವಳು ಒಳಗೆ ಹೋದಳು.

ಅವನು ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡ. ಅವಳು ತನ್ನ ಮನೆ ಖಾಲಿ ಮಾಡಿ ಅಣ್ಣನ ಮನೆಗೇ ಬಂದಳು. ಬೆಳಿಗ್ಗೆ ಅವನು ಪಾತ್ರೆ ತೊಳೆದು, ತರಕಾರಿ ಹೆಚ್ಚಿಟ್ಟು ಹೊರಡುತ್ತಿದ್ದ. ಕೆಲವು ದಿನ ಅವಳ ಬಿರುಕುಗಳು ಮುಚ್ಚಿಕೊಂಡಂತೆ ಕಾಣುತ್ತಿದ್ದವು. ಅವನು ಆಸೆಯಿಂದ ಬಗ್ಗಿ ನೋಡಹೋದರೆ, ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡುಬಿಡುತ್ತಿದ್ದಳು.