ಗೊತ್ತಿಲ್ಲ ಮಾವ

ನಮ್ಮ ಸಭೆಯ ಮೂವರು ಹಿರಿಯರಲ್ಲಿ ಒಬ್ಬರು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದವರು. ತೀರಿಕೊಂಡು ಎರಡು ವರ್ಷವಾಯಿತು. ಕುಳ್ಳಗಿನ ಆಳು, ಉಗುರಿನ ಸಂದಿಯಲ್ಲಿ ಸದಾ ಒಣಗಿದ ಅಂಟು, ಅಂಗಿಯ ಜೇಬಿನಲ್ಲಿ ದಪ್ಪ ಸೂಜಿ ಚುಚ್ಚಿದ ಒಂದು ತುಂಡು ರಟ್ಟು. ಎದುರಿಗೆ ಎಲ್ಲರೂ ಬೈಂಡರ್ ಮಾವ ಎನ್ನುತ್ತಿದ್ದರು. ಬೆನ್ನ ಹಿಂದೆ ‘ಗೊತ್ತಿಲ್ಲ ಮಾವ’. ಆ ಹೆಸರು ಇಟ್ಟವಳು ನಾನೇ. ನನ್ನ ನಾಲಿಗೆಗೆ ಮೊದಲಿನಿಂದಲೂ ಲಗಾಮಿಲ್ಲ, ಅದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವೂ ಇಲ್ಲ.

ನಮ್ಮದು ನಲವತ್ತು ಜನರ ಕ್ರೈಸ್ತ ಸಭೆ. ಸೈಕಲ್ ಟೈರಿನ ಅಂಗಡಿಯ ಮೇಲೆ ಉದ್ದನೆಯ ಒಂದು ಕೋಣೆ, ಮಡಚುವ ಕುರ್ಚಿಗಳು, ಒಂದು ಮೇಜು, ಮುಂದೆ ಒಂದು ಬೆಂಚು. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಬೆವರಿನ ವಾಸನೆ. ಸಭೆ ಕಟ್ಟಿದ ಹಳಬರು ಒಂದು ಕಟ್ಟಳೆ ಮಾಡಿಟ್ಟಿದ್ದರು. ‘ನಿನ್ನ ವಿಷಯದಲ್ಲಿ ದೇವರು ನನಗೆ ಹೀಗೆ ತೋರಿಸಿದ’ ಎಂದು ಯಾರೂ ಯಾರಿಗೂ ಗುಟ್ಟಾಗಿ ಹೇಳುವಂತಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರ ಎದುರು ಹೇಳಬೇಕು. ಆಗ ಮುಂದಿನ ಬೆಂಚಿನಲ್ಲಿ ಕೂತ ಮೂವರು ಹಿರಿಯರು ಒಬ್ಬೊಬ್ಬರಾಗಿ ‘ಹೌದು’, ‘ಬೇಡ’ ಅಥವಾ ‘ಗೊತ್ತಿಲ್ಲ’ ಅನ್ನಬೇಕು. ಒಬ್ಬರು ‘ಬೇಡ’ ಅಂದರೂ ಸಾಕು, ಆ ಮಾತು ಅಲ್ಲಿಗೇ ಬಿದ್ದುಹೋಯಿತು. ‘ಗೊತ್ತಿಲ್ಲ’ಕ್ಕೆ ಮಾತ್ರ ಅಂಥ ಬಲವಿರಲಿಲ್ಲ. ಅದು ಯಾವುದನ್ನೂ ತಡೆಯುತ್ತಿರಲಿಲ್ಲ. ಸಂಕಟದಲ್ಲಿರುವವರು ತಮ್ಮ ಪ್ರಶ್ನೆಗಳನ್ನೂ ಅದೇ ಬೆಂಚಿಗೆ ತರುತ್ತಿದ್ದರು.

ಉಳಿದ ಇಬ್ಬರು ಹಿರಿಯರು ಚಕಚಕನೆ ಹೌದು, ಬೇಡ ಅನ್ನುವವರು. ಬೈಂಡರ್ ಮಾವನ ಸರದಿ ಬಂದರೆ ಹತ್ತರಲ್ಲಿ ಒಂಬತ್ತು ಸಲ ಅದೇ ಮಾತು. ಕುರ್ಚಿಗಳಿಗೆ ಹೊಸ ಬಣ್ಣ ಬಳಿಸೋಣವೇ ಎಂದು ಕೇಳಿದರೂ ‘ಗೊತ್ತಿಲ್ಲ’. ಅವರ ಹೆಂಡತಿಯೇ ನಗುತ್ತಿದ್ದರು, “ಮನೇಲಿ ಉಪ್ಪಿದೆಯಾ ಅಂತ ಕೇಳಿದ್ರೂ ಇವರು ಡಬ್ಬಿ ತೆಗೆದು ನೋಡೋವರೆಗೂ ಗೊತ್ತಿಲ್ಲ ಅಂತಾರೆ ಕಣಮ್ಮ.” ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೇ ಇವರನ್ನು ಹಿರಿಯರನ್ನಾಗಿ ಮಾಡಿದ್ದಾರೆ ಎಂದು ನಾನು ಆಡಿಕೊಳ್ಳುತ್ತಿದ್ದೆ.

ಅವರ ‘ಗೊತ್ತಿಲ್ಲ’ಕ್ಕೆ ಕಾಲಿತ್ತು, ಅದು ಉತ್ತರ ಹುಡುಕಿಕೊಂಡು ಹೊರಡುತ್ತಿತ್ತು ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳುತ್ತಿರಲಿಲ್ಲ. ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ಒಬ್ಬ ಡಾಕ್ಟರು ಆಪರೇಷನ್ ಆಗಲೇಬೇಕು ಅಂದರು, ಇನ್ನೊಬ್ಬರು ಈ ವಯಸ್ಸಿಗೆ ಬೇಡವೇ ಬೇಡ ಅಂದರು. ನಾನು ಬೆಂಚಿನ ಮುಂದೆ ನಿಂತು ಅತ್ತೆ. ಮಾವ ಗೊತ್ತಿಲ್ಲ ಅಂದರು. ನನಗೆ ಮೈಯೆಲ್ಲ ಉರಿಯಿತು. ಮರುದಿನ ಬೆಳಗ್ಗೆ ನೋಡಿದರೆ ಅಂಗಡಿಗೆ ಬೀಗ ಹಾಕಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಾರೆ. ಒಂದು ಚೀಟಿಯಲ್ಲಿ ಏಳು ಪ್ರಶ್ನೆ ಬರೆದು ತಂದಿದ್ದರು. ನನ್ನ ಜೊತೆ ಮೂವರು ಡಾಕ್ಟರ ಹತ್ತಿರ ಹೋಗಿ ಆ ಏಳನ್ನೂ ಬಿಡದೆ ಕೇಳಿದರು. ಹೊರಗೆ ಬಂದು ಹೇಳಿದರು, “ಈ ಮೂರನೆಯವರು ಎರಡು ಪ್ರಶ್ನೆಗೆ ಗೊತ್ತಿಲ್ಲ ಅಂದ್ರು ನೋಡು. ಇವರ ಹತ್ರಾನೇ ಮಾಡ್ಸೋಣ.” ಅಮ್ಮ ಬದುಕಿದಳು. ನಡೆಯುವುದು ಕಷ್ಟವಾಯಿತು. ಸ್ನಾನಕ್ಕೆ, ಹಾಸಿಗೆಯಿಂದ ಏಳುವುದಕ್ಕೆ ಇಬ್ಬರು ಬೇಕಾಗುತ್ತಿತ್ತು. ಒಬ್ಬಳು ನಾನು, ಇನ್ನೊಬ್ಬಳು ನನ್ನ ತಂಗಿ.

ಆ ಹೊತ್ತಿಗೆ ನಮಗೆ ಹೊಸ ಪಾಸ್ಟರ್ ಬಂದರು. ಎತ್ತರದ ಆಳು, ಜೇನಿನಂಥ ದನಿ. ಮೊದಲ ವಾರವೇ ನಲವತ್ತು ಜನರ ಹೆಸರೂ ಬಾಯಿಪಾಠ. ಯಾರ ಮೊಣಕಾಲು ನೋವು, ಯಾರ ಮಗನ ಪರೀಕ್ಷೆ, ಒಂದನ್ನೂ ಮರೆಯುತ್ತಿರಲಿಲ್ಲ. ಅವರು ಕಣ್ಣು ಮುಚ್ಚಿ ‘ಕರ್ತನು ನನಗೆ ತೋರಿಸುತ್ತಿದ್ದಾನೆ’ ಅಂದರೆ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಊರಿಗೆಲ್ಲ ಹೇಳುವವಳು, ಅವರು ಹೇಳಿದ್ದನ್ನೆಲ್ಲ ಗಟಗಟ ಕುಡಿದೆ. ಎಷ್ಟೋ ವರ್ಷ ಗೊತ್ತಿಲ್ಲ, ಗೊತ್ತಿಲ್ಲ ಎಂದು ಕೇಳಿ ಸಾಕಾಗಿತ್ತು. ಗೊತ್ತು ಅನ್ನುವ ಒಬ್ಬರು ಬೇಕಿತ್ತು.

ನನ್ನ ತಂಗಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮೇಣದಲ್ಲಿ ಒಸಡು ತಿದ್ದಿ ಒಂದೊಂದೇ ಹಲ್ಲು ಕೂರಿಸುವ ಕೆಲಸ. ಒಂದು ದಿನ ಆ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಹೋಗಿ ಅವಳು ಒಳಗೆ ಸಿಕ್ಕಿಹಾಕಿಕೊಂಡಳು. ರಿಪೇರಿಗೆ ಬಂದ ಮೆಕ್ಯಾನಿಕ್ ನಲವತ್ತು ನಿಮಿಷವೂ ಬಾಗಿಲಿನ ಆಚೆಯಿಂದ ಮಾತಾಡುತ್ತಲೇ ಕೆಲಸ ಮಾಡಿದನಂತೆ. “ಭಯ ಆಗ್ದೇ ಇರ್ಲಿ ಅಂತ ಅವನ ಶಾಲೆಯ ಮೇಷ್ಟ್ರ ಕಥೆಯೆಲ್ಲ ಹೇಳ್ದ ಅಕ್ಕಾ. ಬಾಗಿಲು ತೆಗೆದಾಗ ನಾನಿನ್ನೂ ನಗ್ತಾ ಇದ್ದೆ” ಅಂದಳು. ಆರು ತಿಂಗಳಿಗೆ ಅವನು ಸಭೆಗೆ ಬಂದು ಕೊನೆಯ ಸಾಲಿನಲ್ಲಿ ಕೂರತೊಡಗಿದ. ಮದುವೆಯ ಮಾತೂ ಬಂತು. ಅವನಿಗೆ ಹಿಂದೆ ಒಂದು ನಿಶ್ಚಿತಾರ್ಥವಾಗಿ ಮುರಿದಿತ್ತು. ಅದನ್ನು ಅವನೇ ಇವಳಿಗೆ ಹೇಳಿದ್ದ, ಇವಳು ನನಗೊಬ್ಬಳಿಗೇ ಹೇಳಿದ್ದಳು.

ನನಗೆ ಆಗ ನಲವತ್ತೊಂದು. ಲಾಂಡ್ರಿಯಲ್ಲಿ ದಿನಕ್ಕೆ ತೊಂಬತ್ತು ಅಂಗಿ ಇಸ್ತ್ರಿ ಹಾಕಿ ಮನೆಗೆ ಬರುವವಳು. ನನ್ನನ್ನು ಯಾರೂ ಕೇಳಿ ಬಂದಿರಲಿಲ್ಲ. ತಂಗಿಯ ಈ ಮದುವೆ ನನಗೆ ಬೇಡವಾಗಿತ್ತು. ಅವಳು ಹೊರಟುಹೋದರೆ ಅಮ್ಮನನ್ನು ನಾನೊಬ್ಬಳೇ ಎತ್ತಬೇಕು ಎಂಬುದು ಒಂದು ಕಾರಣ. ಅವಳಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಇನ್ನೊಂದು, ಅದೇ ದೊಡ್ಡದು. ಅವನಿಗೆ ಇನ್ನೂ ದೀಕ್ಷಾಸ್ನಾನ ಆಗಿಲ್ಲ, ಅದಕ್ಕೇ ಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ಗುರುವಾರ ಸಂಜೆ ಮೇಜಿನ ಬಿಳಿ ಹೊದಿಕೆಗೆ ಇಸ್ತ್ರಿ ಹಾಕಿಕೊಂಡು ಸಭೆಯ ಕೋಣೆಗೆ ಹೋದೆ. ಮೂಲೆಯಲ್ಲಿ ಬೈಂಡರ್ ಮಾವ ಹರಿದ ಹಾಡಿನ ಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಯುತ್ತಿದ್ದರು. ಪಾಸ್ಟರ್ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡು, “ಮುಖ ಯಾಕಕ್ಕಾ ಸಪ್ಪಗಿದೆ?” ಅಂದರು. ಅಷ್ಟು ಕೇಳಿದ್ದೇ ಸಾಕಾಯಿತು. ಮೆಕ್ಯಾನಿಕ್ಕು, ಮದುವೆ, ಅಮ್ಮ, ಮುರಿದ ನಿಶ್ಚಿತಾರ್ಥ, ಎಲ್ಲವನ್ನೂ ಸುರಿದುಬಿಟ್ಟೆ. ಅವರು ಮೈಯೆಲ್ಲ ಕಿವಿಯಾಗಿ ಕೇಳಿ, ಪ್ರಾರ್ಥನೆ ಮಾಡುತ್ತೇನೆ ಅಂದರು. ಮೂಲೆಯಲ್ಲಿದ್ದ ಮಾವನಿಗೆ ಕಿವಿಯಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ನಾನು ಅವರನ್ನು ಕುರ್ಚಿ ಬೆಂಚುಗಳ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಎದ್ದು ನಿಂತು ಕಣ್ಣು ಮುಚ್ಚಿದರು. “ಮೇಲೆ ಕೆಳಗೆ ಹೋಗಿಬರುವ ಕೆಲಸದ ಒಬ್ಬ ಮನುಷ್ಯನನ್ನು ಕರ್ತನು ನನಗೆ ತೋರಿಸಿದ. ಒಮ್ಮೆ ಒಬ್ಬಳಿಗೆ ಮಾತು ಕೊಟ್ಟು ಹಿಂದೆಗೆದ ಮನುಷ್ಯ. ನಮ್ಮ ಸಹೋದರಿ ಅವನ ಕೈ ಹಿಡಿಯಬಾರದು ಎಂದು ಕರ್ತನು ಹೇಳುತ್ತಿದ್ದಾನೆ” ಅಂದರು. ಎಲ್ಲರೂ ‘ಹಾ’ ಅಂದರು. ನಾನೂ ಅಂದೆ. ಹೇಳಿದವಳು ನಾನೇ, ಆದರೂ ಅಂದೆ. ನಾನು ಹೇಳಿದ್ದರೇನು, ದೇವರೂ ಹೇಳಿರಬಹುದಲ್ಲ ಎಂದು ಆ ಕ್ಷಣದಲ್ಲೇ ಮನಸ್ಸು ಒಂದು ದಾರಿ ಮಾಡಿಕೊಂಡಿತು. ತಂಗಿಯ ಮುಖ ಬಿಳಿಚಿಕೊಂಡಿತ್ತು. ಕೊನೆಯ ಸಾಲಿನಲ್ಲಿ ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

ಮೊದಲ ಹಿರಿಯರು ಹೌದು ಅಂದರು. ಎರಡನೆಯವರೂ ಹೌದು ಅಂದರು. ಬೈಂಡರ್ ಮಾವ ನನ್ನ ಕಡೆ ನೋಡಿದರು. ತಂಗಿಯ ಕಡೆ ಅಲ್ಲ, ಪಾಸ್ಟರ್ ಕಡೆಯೂ ಅಲ್ಲ. ಬಹಳ ಹೊತ್ತು ನೋಡಿದರು. ಆಗ ನನಗೆ ಗುರುವಾರದ ಮೂಲೆ ನೆನಪಾಯಿತು. ನಾನು ತಲೆ ತಗ್ಗಿಸಿ ಸೀರೆಯ ಸೆರಗಿನ ಮಡಿಕೆ ಸರಿ ಮಾಡತೊಡಗಿದೆ. ಮಾವ “ಗೊತ್ತಿಲ್ಲ” ಅಂದರು. ಜೀವಮಾನದಲ್ಲಿ ಮೊದಲ ಸಲ ಆ ಮಾತು ಕೇಳಿ ನನಗೆ ಹಾಯೆನಿಸಿತು.

ಮೆಟ್ಟಿಲು ಇಳಿಯುವಾಗ ತಂಗಿ ನನ್ನ ತೋಳು ಹಿಡಿದು ನಿಲ್ಲಿಸಿದಳು. “ಅಕ್ಕಾ, ಆ ನಿಶ್ಚಿತಾರ್ಥದ ವಿಷಯ ನೀನು ಯಾರ ಹತ್ರಾನಾದ್ರೂ ಹೇಳಿದ್ಯಾ?”

“ಇಲ್ಲಪ್ಪ. ನಾನ್ಯಾಕೆ ಹೇಳ್ಲಿ?” ಅಂದೆ.

“ಹಾಗಾದ್ರೆ ಅದು ದೇವರೇ” ಎಂದು ಅವಳು ತೋಳು ಬಿಟ್ಟಳು. ಮರುವಾರ ಈ ಮದುವೆ ಆಗುವುದಿಲ್ಲ ಎಂದು ಅವನಿಗೆ ಹೇಳಿದಳು. ಅವನು ಮೂರು ಭಾನುವಾರ ಟೈರಿನ ಅಂಗಡಿಯ ಮುಂದೆ ನಿಂತಿದ್ದ. ಇವಳು ಅವನನ್ನು ದಾಟಿಕೊಂಡು ಮೆಟ್ಟಿಲು ಹತ್ತಿದಳು. ನಾಲ್ಕನೇ ಭಾನುವಾರ ಅವನಿರಲಿಲ್ಲ. ಬೇರೆ ಊರಿನ ಕೆಲಸಕ್ಕೆ ಹೋದ, ಅಲ್ಲೇ ಮದುವೆಯಾದ ಎಂದು ಆಮೇಲೆ ಸುದ್ದಿ ಬಂತು. ಪಾಸ್ಟರ್ ಒಂದೂವರೆ ವರ್ಷಕ್ಕೆ ಸಾವಿರ ಕುರ್ಚಿಯ ಸಭೆಯೊಂದಕ್ಕೆ ಹೊರಟುಹೋದರು. ಅವರನ್ನು ಬಯ್ಯುವುದು ಸುಲಭ. ಅವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಕೇಳಿದ್ದು ಯಾವುದು, ತೋರಿದ್ದು ಯಾವುದು ಎಂದು ಬೇರೆ ಮಾಡಿ ನೋಡುವ ಅಭ್ಯಾಸ ಅವರಿಗಿರಲಿಲ್ಲ, ಅಷ್ಟೇ. ನನಗೆ ಇತ್ತು.

ತಂಗಿ ಮನಸ್ಸು ಕಹಿ ಮಾಡಿಕೊಳ್ಳಲಿಲ್ಲ. ಸುಮ್ಮನಾದಳು. ಬೆಳಗ್ಗೆ ನಾವಿಬ್ಬರೂ ಸೇರಿ ಅಮ್ಮನನ್ನು ಎಬ್ಬಿಸುತ್ತಿದ್ದೆವು, ಆಮೇಲೆ ಅವಳು ಲ್ಯಾಬಿಗೆ, ನಾನು ಲಾಂಡ್ರಿಗೆ. ಏಳನೇ ವರ್ಷ ಅಮ್ಮ ಹೋದಳು. ಅದಾದ ಮೇಲೆ ಮನೆಯಲ್ಲಿ ಎತ್ತುವುದಕ್ಕೆ ಯಾರೂ ಇರಲಿಲ್ಲ. ಎರಡು ತಟ್ಟೆ, ಎರಡು ಲೋಟ. ನಾನು ಬಯಸಿದ್ದು ಇದನ್ನೇ. ಬಯಸಿದ್ದು ಕೈಗೆ ಬಂದಾಗ ಅದು ಎಷ್ಟು ಸಣ್ಣದೆಂದು ಕಂಡಿತು. ಅವಳು ತನ್ನಷ್ಟಕ್ಕೆ ತಾನು ನಗುವುದನ್ನು ಮತ್ತೆ ನಾನು ಕೇಳಲಿಲ್ಲ.

ಆ ಭಾನುವಾರ ಕಳೆದು ಹನ್ನೊಂದು ವರ್ಷದ ಮೇಲೆ ಒಂದು ಮಧ್ಯಾಹ್ನ ಬೈಂಡರ್ ಮಾವ ಲಾಂಡ್ರಿಗೆ ಬಂದರು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗದೆ ಅಂಗಡಿ ಮುಚ್ಚಿದ್ದರು. ಹಿರಿಯರ ಸ್ಥಾನವನ್ನೂ ಬಿಡುವವರಿದ್ದರು. ಬಿಸಿ ಇಸ್ತ್ರಿಯ ಎದುರು ನಿಂತು, “ಭಾನುವಾರ ನನ್ನ ತಪ್ಪು ನಾನು ಹೇಳ್ತೀನಿ ಮಗಳೇ. ನಿನ್ನದು ನಿನ್ನ ಕೈಲಿದೆ” ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. “ಅವತ್ತು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೋರು ಈಗ ಯಾಕೆ ಕೆದಕ್ತೀರಾ? ಬೇಡ ಅಂತ ಒಂದು ಮಾತು ಅಂದಿದ್ರೆ ಆಗ್ತಿರ್ಲಿಲ್ವಾ?”

“ಆಗ್ತಿತ್ತು” ಅಂದರು ಮಾವ. “ನೀನು ಹೇಳ್ತೀಯ ಅಂತ ಕಾದೆ. ಅದು ನೆಪ ಬಿಡು. ನಾನು ಬಾಯಿ ಬಿಟ್ರೆ ಪಾಸ್ಟರ್‌ಗೆ ಅವಮಾನ, ನಿನಗೆ ಅವಮಾನ, ಸಭೆ ಒಡೆಯುತ್ತೆ ಅಂತ ಹೆದರಿದೆ. ಗೊತ್ತಿಲ್ಲದಾಗೆಲ್ಲ ಗೊತ್ತಿಲ್ಲ ಅಂದೋನು, ಗೊತ್ತಿದ್ದಾಗಲೂ ಅದನ್ನೇ ಅಂದೆ. ಜನ ನನ್ನ ನಂಬ್ತಿದ್ರಲ್ಲ, ಆ ನಂಬಿಕೆಯನ್ನೇ ಅಡ್ಡ ಇಟ್ಕೊಂಡು ಬಚ್ಚಿಟ್ಕೊಂಡೆ.”

ಭಾನುವಾರ ಅವರು ಬೆಂಚಿನಿಂದ ಎದ್ದು, ಕುರ್ಚಿಗಳನ್ನು ತಡವಿಕೊಂಡು ನನ್ನ ತಂಗಿಯ ಮುಂದೆ ಬಂದು ನಿಂತರು. “ಅವತ್ತು ಪಾಸ್ಟರ್ ಹೇಳಿದ ವಿಷಯ ಅವರಿಗೆ ಪ್ರಾರ್ಥನೇಲಿ ಸಿಕ್ಕಿದ್ದಲ್ಲ. ಒಬ್ಬರ ಬಾಯಿಂದ ಅವರು ಕೇಳ್ಕೊಂಡಿದ್ದನ್ನ ನಾನು ಈ ಕಿವಿಯಲ್ಲಿ ಕೇಳಿದ್ದೆ. ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ನಿನ್ನ ಬಾಳು ಹಾಳಾಯ್ತು. ಕ್ಷಮಿಸು ಅಂತ ಕೇಳೋ ಮುಖ ನನಗಿಲ್ಲ” ಅಂದರು.

“ಯಾರ ಬಾಯಿಂದ ಮಾವಾ?” ಎಂದಳು ತಂಗಿ.

“ಆ ಹೆಸರು ಹೇಳೋ ಹಕ್ಕು ನನ್ನದಲ್ಲ.”

ಇಡೀ ಸಭೆ ಅವರನ್ನೇ ನೋಡುತ್ತಿತ್ತು. ನಾನು ಎದ್ದು ನಿಲ್ಲಬೇಕಿತ್ತು. ಕೂತೇ ಇದ್ದೆ. ತಂಗಿ ಎದ್ದು ಮಾವನ ಕೈ ಹಿಡಿದು ಅವರನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು. ಅದಾಗಿ ನಾಲ್ಕು ತಿಂಗಳು ಬದುಕಿದ್ದರು, ಪ್ರತಿ ಭಾನುವಾರ ಅವಳ ಪಕ್ಕದಲ್ಲೇ ಕೂತರು.

ಆ ದಿನ ಮನೆಗೆ ಬಂದು ಅವಳು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅಡುಗೆಮನೆಯಲ್ಲಿ ತೊಳೆದಿಟ್ಟ ಪಾತ್ರೆಗಳನ್ನು ಒರೆಸಿ ಎತ್ತಿಡತೊಡಗಿದಳು. ನಾನು ಬಾಗಿಲಲ್ಲೇ ನಿಂತು, “ಪಾಸ್ಟರ್‌ಗೆ ಹೇಳಿದ್ದು ನಾನೇ ಕಣೇ” ಅಂದೆ. “ನಿನ್ನ ಬಿಟ್ಟು ಒಬ್ಬಳೇ ಇರೋಕೆ ಭಯ ಆಯ್ತು. ಹೊಟ್ಟೆಕಿಚ್ಚೂ ಇತ್ತು. ಮೆಟ್ಟಿಲ ಮೇಲೆ ನೀನು ಕೇಳ್ದಾಗ ಸುಳ್ಳು ಹೇಳ್ದೆ.”

ಅವಳು ಕೈಯಲ್ಲಿದ್ದ ಲೋಟವನ್ನು ಒರೆಸುತ್ತಲೇ ಇದ್ದಳು. ಅದು ಆಗಲೇ ಒಣಗಿತ್ತು. ಬಯ್ಯುತ್ತಾಳೆ, ಎಸೆಯುತ್ತಾಳೆ ಎಂದು ಕಾದೆ, ಎರಡರಲ್ಲಿ ಯಾವುದಾದರೂ ಆಗಲಿ ಎಂದು ಆಸೆಪಟ್ಟೆ. ಕೊನೆಗೆ ಅವಳು ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಅಕ್ಕಾ, ಬೇಡ ಅಂತ ನೀನೇ ನನ್ನ ಮುಖಕ್ಕೆ ಹೇಳಿದ್ರೆ ನಾನು ನಿನ್ನ ಜೊತೆ ಜಗಳ ಆಡಿ, ಒಂದು ವರ್ಷ ಮಾತು ಬಿಟ್ಟು, ಅವನನ್ನೇ ಮದುವೆ ಆಗ್ತಿದ್ದೆ. ಅಮ್ಮನ್ನ ಎತ್ತೋಕೆ ದಿನಾ ಅವನ ಜೊತೇನೇ ಬರ್ತಿದ್ದೆ. ದೇವರೇ ಬೇಡ ಅಂದ್ರೆ ನಾನು ಯಾರ ಹತ್ರ ಹೋಗಿ ಜಗಳ ಆಡ್ಲಿ?”