ನನ್ನ ತಲೆ ನೋಡಿದ ಕೈ

ನನಗೆ ಅನುಮಾನ ಹುಟ್ಟುಗುಣ. ಕಣ್ಣೆದುರೇ ಕರೆದುಕೊಟ್ಟ ಹಾಲಿಗೂ ಬೆರಳದ್ದಿ ನೋಡುವವಳು ನಾನು. ಸಾಲೆಯಲ್ಲಿ ಯಾವ ಮಗುವಾದರೂ ಹೊಟ್ಟೆನೋವೆಂದು ಅತ್ತರೆ, ಅದು ಮನೆಪಾಠ ಬರೆದು ತಂದಿದೆಯೋ ಇಲ್ಲವೋ ಎಂದು ಮೊದಲು ನೋಡುತ್ತೇನೆ. ಹೀಗಿರುವವಳು ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಂಬುತ್ತಿದ್ದೆನೇ? ಯಾರಾದರೂ ಅಂಥ ಸುದ್ದಿ ತೆಗೆದರೆ, ಯಾರು ನೋಡಿದರು, ಎಷ್ಟು ದೂರದಿಂದ ನೋಡಿದರು, ಆಗ ಕನ್ನಡಕ ಹಾಕಿಕೊಂಡಿದ್ದರೇ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನನ್ನೇ ಹಾಗೆ ಕೇಳಿದರೆ ನಾನು ಕೊಡಬಹುದಾದ ಉತ್ತರ ಇಷ್ಟೇ: ನಾನು ನೋಡಲಿಲ್ಲ, ಅದು ನನ್ನ ಬೆನ್ನ ಹಿಂದೆ ಕುಳಿತಿತ್ತು. ರಾತ್ರಿಯೇನಲ್ಲ, ಬೆಳಗಿನ ಹನ್ನೊಂದು ಗಂಟೆ, ಕಣ್ಣು ಕುಕ್ಕುವ ಬಿಸಿಲು.

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಊರು ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲೂಕಿನ ಬೆಳುಂಕಿ. ನಾನು ಮುಚ್ಚಂಡಿ ಕಡೆಯ ಒಂದು ಕನ್ನಡ ಸಾಲೆಯಲ್ಲಿ ಕಲಿಸುತ್ತೇನೆ, ಅದಕ್ಕೇ ಊರವರು ನನ್ನನ್ನು ಬಾಯಾರು ಎನ್ನುತ್ತಾರೆ. ನನ್ನ ಅಕ್ಕನೂ ನಾನೂ ಅಸಂಗಿಯ ಒಂದು ಮನೆಯಿಂದ ಬೆಳುಂಕಿಯ ಒಂದೇ ಮನೆಗೆ ಬಂದವರು. ಆ ಮನೆಯ ಅಣ್ಣನಿಗೆ ಅವಳನ್ನು, ತಮ್ಮನಿಗೆ ನನ್ನನ್ನು ಕೊಟ್ಟರು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವನಿಗೆ ಹೊಲದ ಕೆಲಸದಲ್ಲಿ ತಲೆ ಎತ್ತುವಷ್ಟು ಪುರುಸೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ನನಗೆ ಉಣ್ಣಿಸಿದವಳು, ಎರೆದವಳು, ತಲೆ ಬಾಚಿದವಳು ಎಲ್ಲ ಅಕ್ಕನೇ.

ಅಂಥ ಅಕ್ಕನ ಜೊತೆ ನಾನು ಆರು ವರ್ಷ ಮಾತು ಬಿಟ್ಟಿದ್ದೆ. ಅವ್ವ ತೀರಿಕೊಂಡ ದಿನ ಅಕ್ಕ ಅಸಂಗಿಯಲ್ಲಿ ಅವಳ ಪಕ್ಕದಲ್ಲಿದ್ದಳು, ನಾನು ಸಾಲೆಯಲ್ಲಿದ್ದೆ. ನನಗೆ ಸುದ್ದಿ ತಿಳಿದದ್ದು ಇಳಿಹೊತ್ತಿಗೆ. ಹೋಗಿ ಮುಟ್ಟುವಷ್ಟರಲ್ಲಿ ಅವ್ವನನ್ನು ಮಣ್ಣು ಮಾಡಿ ಮಂದಿ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಮಧ್ಯಾಹ್ನದಿಂದ ನಾಲ್ಕು ಸಲ ಫೋನ್ ಮಾಡಿದ್ದೆ ಎಂದಳು ಅಕ್ಕ. ನನ್ನ ಫೋನಿನಲ್ಲಿ ಒಂದು ಕರೆಯೂ ಇರಲಿಲ್ಲ. ಬಂದ ಬೀಗರೆಲ್ಲರ ಎದುರು ಫೋನ್ ತೆಗೆದು ತೋರಿಸಿ ಅವಳನ್ನು ಸುಳ್ಳಿ ಎಂದೆ. ಸಾಲೆಯ ಕಡೆ ರೇಂಜ್ ಸರಿಯಾಗಿ ಸಿಗುವುದಿಲ್ಲ ಎಂದು ನನ್ನ ಗಂಡ ಹೇಳಿ ನೋಡಿದ. ನಾನು ಕೇಳಲಿಲ್ಲ. ಅವ್ವನ ಮುಖವನ್ನು ಕೊನೆಯ ಸಲ ತಾನೊಬ್ಬಳೇ ನೋಡಬೇಕೆಂದು ಅಕ್ಕ ಬೇಕಂತಲೇ ಮಾಡಿದಳು ಎಂಬುದು ನನ್ನ ಅನುಮಾನ. ಅದನ್ನೂ ಬಾಯಿಬಿಟ್ಟು ಹೇಳಿದೆ.

ಮಾತು ಬಿಟ್ಟವರು ಒಂದೇ ಮನೆಯಲ್ಲಿ ಹೇಗೆ ಬದುಕುತ್ತಾರೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮನೆಗೆ ಎರಡು ಒಲೆ, ಒಂದೇ ಅಂಗಳ, ಒಂದೇ ನಳ. ನಾನು ಖಾಲಿ ಕೊಡ ಕಟ್ಟೆಯ ಮೇಲೆ ಇಟ್ಟರೆ ಅವಳು ತುಂಬಿಸುತ್ತಿದ್ದಳು. ಅವಳು ಹಪ್ಪಳ ಒಣಹಾಕಿ ಹೋದರೆ ಮೋಡ ಬಂದಾಗ ನಾನು ಒಳಗೆ ತರುತ್ತಿದ್ದೆ. ಹೇಳಲೇಬೇಕಾದ್ದು ಬಂದರೆ ಎಮ್ಮೆಗೆ ಹೇಳುವುದು. "ನಾಳಿ ನೀರು ಬರೂದಿಲ್ಲಂತ" ಎಂದು ಎಮ್ಮೆಯ ಮುಂದೆ ನಿಂತು ಹೇಳಿದರೆ ಕೇಳಬೇಕಾದವರು ಕೇಳಿಸಿಕೊಳ್ಳುತ್ತಿದ್ದರು. ಮೊದಲು ಮಾತಾಡಿದವರು ಸೋತ ಹಾಗೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ನಾಲ್ಕು ವರ್ಷದ ಹಿಂದಿನ ಬೇಸಿಗೆ ರಜೆಯಲ್ಲಿ ಪುಣೆಯಿಂದ ಕೇತಕಿ ಎಂಬ ಹುಡುಗಿ ಒಬ್ಬ ಕ್ಯಾಮೆರಾದವನನ್ನು ಕರೆದುಕೊಂಡು ಟೆಂಪೋದಲ್ಲಿ ಬಂದಳು. ಪಿಚ್ಚರ್ ತೆಗೆಯುವವಳು. ಅದೊಂದು ವಿಲಕ್ಷಣ ಪಿಚ್ಚರ್: ಪರದೇಶದ ಅಡವಿಯಲ್ಲಿ ಇದ್ದಾವೆಂದು ಕೆಲವರು ಹೇಳುವ, ಮೈತುಂಬ ಕೂದಲಿನ, ಮನುಷ್ಯರ ಹಾಗೆ ಎರಡು ಕಾಲಿನ ಮೇಲೆ ನಡೆಯುವ ಬಿಗ್‌ಫೂಟ್‌ಗಳ ಒಂದು ಸಂಸಾರ. ಅಪ್ಪ, ತಾಯಿ, ಮಗಳು. ಉಣ್ಣುವುದು, ಮಲಗುವುದು, ಗುಡ್ಡ ಹತ್ತುವುದು, ಅಷ್ಟೇ ಕತೆ. ಪೂರ್ತಿ ಪಿಚ್ಚರಿನಲ್ಲಿ ಒಂದೂ ಮಾತಿಲ್ಲ. ಎಲ್ಲರೂ ಇವನ್ನು ದಟ್ಟ ಅಡವಿಯಲ್ಲಿ ಅಡಗಿಸಿ ತೋರಿಸುತ್ತಾರೆ, ಅಡಗಲು ಒಂದು ಗಿಡವೂ ಇಲ್ಲದ ಮಾಳದಲ್ಲಿ ಇಟ್ಟರೆ ಹೇಗಿರುತ್ತದೆ ನೋಡಬೇಕು ಎಂದು ಅವಳು ನಮ್ಮ ಗುಡ್ಡ ಹುಡುಕಿಕೊಂಡು ಬಂದಿದ್ದಳು. ಊರವರು ಅದಕ್ಕೆ ಕರಡಿ ಪಿಚ್ಚರ್ ಎಂದು ಹೆಸರಿಟ್ಟರು.

ಕೇತಕಿಗೆ ಎರಡು ಹೊತ್ತಿನ ಊಟ ನಮ್ಮ ಮನೆಯಲ್ಲಿ. ಮೂರು ದಿನ ಅಂಗಳದಲ್ಲಿ ಕುಳಿತು ನಮ್ಮಿಬ್ಬರನ್ನು ನೋಡಿದಳು. ನಾಲ್ಕನೆಯ ದಿನ ಮರಾಠಿಯಲ್ಲಿ, ಬಹಳ ಗೌರವದಿಂದಲೇ, ತಾಯಿ ಮಗಳ ಪಾತ್ರಕ್ಕೆ ನೀವಿಬ್ಬರೇ ಬೇಕು, ಬಾಯಿ ಬಿಡದೆ ಸಂಸಾರ ಮಾಡುವುದನ್ನು ಬೇರೆಯವರಿಗೆ ಕಲಿಸುವುದು ನನ್ನಿಂದಾಗದು ಎಂದಳು. ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಅಕ್ಕ ಎಮ್ಮೆಗೆ, "ನಾ ಏನ್ ಅಂಜೂದಿಲ್ಲ ಬಿಡವಾ, ಬರ್ತೀನಿ" ಎಂದದ್ದು ಕಿವಿಗೆ ಬಿತ್ತು. ಇನ್ನು ನಾನು ಒಲ್ಲೆ ಎನ್ನುವುದು ಹೇಗೆ? ನಲವತ್ತೊಂದನೆಯ ವಯಸ್ಸಿನಲ್ಲಿ ಹೀಗೆ ನಾನು ಕರಡಿಯ ಮಗಳಾದೆ. ಅಪ್ಪನ ಪಾತ್ರಕ್ಕೆ ಊರಿನ ಎಲ್ಲರಿಗಿಂತ ಎತ್ತರದ ದುಂಡಪ್ಪ ಸಿಕ್ಕ. ಕೂಲಿಗೆ ಹೋಗುವ ಮನುಷ್ಯ, ನಗುವುದಕ್ಕೂ ನಾಚಿಕೊಳ್ಳುವವನು.

ವೇಷಗಳು ಮೂರೇ. ಗೋಣಿತಟ್ಟಿನ ಮೇಲೆ ಮೇಕೆಯ ಕೂದಲು ಹೊಲಿದು ಮಾಡಿದ್ದು, ಬೆನ್ನಿಗೆ ಜಿಪ್. ತಲೆಗೆ ಬೇರೆ ಮುಸುಕು, ಅದಕ್ಕೆ ಕಣ್ಣಿಗೂ ಮೂಗಿಗೂ ತೂತು ಬಿಟ್ಟು ಬಾಯಿಯನ್ನು ಗಟ್ಟಿಯಾಗಿ ಹೊಲಿದುಬಿಟ್ಟಿದ್ದರು. ಕೈಬೆರಳು ಮಾತ್ರ ಬರಿಯವು, ಅವಕ್ಕೆ ಕರಿ ಬಣ್ಣ. ಹತ್ತು ನಿಮಿಷ ಹಾಕಿಕೊಂಡರೆ ಗೋಣಿ ಬೆವರಿನಿಂದ ಹಿಂಡುವಷ್ಟು ಒದ್ದೆಯಾಗುತ್ತಿತ್ತು. ಕ್ಯಾಮೆರಾ ನಮ್ಮ ಹತ್ತಿರ ಬರುತ್ತಲೇ ಇರಲಿಲ್ಲ. ಎದುರಿನ ದಿಬ್ಬದ ಮೇಲೆ ಇಟ್ಟು ಅಲ್ಲಿಂದ ತೆಗೆಯುತ್ತಿದ್ದರು. ಕೇತಕಿ ಹೆಗಲ ಮೇಲಿನ ಕೆಂಪು ಓಢಣಿ ಎತ್ತಿದರೆ ಶುರು, ಇಳಿಸಿದರೆ ಮುಗಿಯಿತು.

ಐದು ದಿನ ಹೀಗೆ ನಡೆಯಿತು. ಅಕ್ಕ ಮುಂದೆ, ನಾನು ಹಿಂದೆ, ಗುಡ್ಡ ಹತ್ತುವುದು, ಇಳಿಯುವುದು. ವೇಷದೊಳಗೂ ನಾವು ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ಆರನೆಯ ದಿನ ಬೆಳಿಗ್ಗೆ ಕೇತಕಿ ನನಗೆ, ಗುಡ್ಡದ ಮೇಲಿನ ಬಂಡೆಯ ಮೇಲೆ ಕುಳಿತುಕೊಳ್ಳಿ, ಓಢಣಿ ಇಳಿಯುವವರೆಗೆ ಏನಾದರೂ ಏಳಬೇಡಿ ಎಂದಷ್ಟೇ ಹೇಳಿದಳು. ತಾಯಿ ಎಲ್ಲಿ ಎಂದು ನಾನು ಕೇಳಲಿಲ್ಲ. ಅಕ್ಕನ ವಿಷಯ ಯಾರನ್ನೂ ಕೇಳುವ ರೂಢಿ ನನಗೆ ತಪ್ಪಿಹೋಗಿತ್ತು.

ಓಢಣಿ ಎದ್ದು ಸ್ವಲ್ಪ ಹೊತ್ತಿಗೆ ನನ್ನ ಹಿಂದೆ ಹರಳುಗಲ್ಲು ಸರಿದ ಸದ್ದಾಯಿತು. ಯಾರೋ ಬಂದು ಬೆನ್ನಿಗೆ ತಾಗಿ ಕುಳಿತರು. ಮೇಕೆಕೂದಲಿನ ವಾಸನೆ. ಅಕ್ಕ ಬಂದಳು ಎಂದುಕೊಂಡೆ. ಎರಡು ಕೈ ನನ್ನ ಮುಸುಕಿನ ಕೂದಲನ್ನು ಬಿಡಿಸಿ ಬಿಡಿಸಿ ನೋಡತೊಡಗಿದವು, ಮಂಗ ಮರಿಯ ತಲೆ ನೋಡುತ್ತದಲ್ಲ, ಹಾಗೆ. ಕೇತಕಿ ಹೇಳಿಕೊಟ್ಟಿರಬೇಕು ಎಂದು ಮೈ ಬಿಗಿಹಿಡಿದು ಕುಳಿತೆ. ಆಮೇಲೆ ಆ ಬೆರಳುಗಳು ಹಿಂದಿನಿಂದ ಮುಸುಕಿನ ಅಂಚನ್ನು ನೆತ್ತಿಯವರೆಗೆ ಎತ್ತಿ, ನನ್ನ ಸ್ವಂತ ಕೂದಲಿಗೆ ಬಂದವು. ಬೈತಲೆ ತೆಗೆದವು. ಒಂದು ಕಡೆ ನಿಂತವು. ಕಿವಿಯ ಹತ್ತಿರ ಎರಡು ಹೆಬ್ಬೆರಳ ಉಗುರು ಕೂಡಿಸಿ ಟಿಕ್ ಎಂದು ಸದ್ದು ಮಾಡಿದವು.

ಓದುವವರಿಗೆ ಇದು ಏನೂ ಅಲ್ಲ. ನನಗೆ ಗುರುತು ಸಿಕ್ಕಿತು. ಚಿಕ್ಕವಳಿದ್ದಾಗ ತಲೆ ನೋಡಿಸಿಕೊಳ್ಳಲು ಕುಳಿತು ನಾನು ಚಡಪಡಿಸಿದರೆ, ಹೇನು ಸಿಗದಿದ್ದರೂ ಅಕ್ಕ ಬರಿ ಉಗುರು ಕುಟ್ಟಿ, ಸಿಕ್ಕಿತು ನೋಡು ಎಂದು ಸುಳ್ಳೇ ನಂಬಿಸುತ್ತಿದ್ದಳು. ಆಮೇಲೆ ಬೈತಲೆಯ ಮೇಲೆ ಒಮ್ಮೆ ಉಫ್ ಎಂದು ಊದಿ ಬಿಡುತ್ತಿದ್ದಳು. ಇದು ನಮ್ಮಿಬ್ಬರ ನಡುವಿನ ಆಟ. ಅವ್ವನಿಗೂ ಗೊತ್ತಿರಲಿಲ್ಲ. ನಾನು ಮುಸುಕಿನೊಳಗೆ ಅಳುತ್ತ ಕುಳಿತಿದ್ದೆ. ಆಗ ನನ್ನ ಬೈತಲೆಯ ಮೇಲೆ, ಬೆವರಿನ ಮೇಲೆ, ತಣ್ಣಗೆ ಉಸಿರು ಬಿತ್ತು.

ಓಢಣಿ ಇನ್ನೂ ಇಳಿದಿರಲಿಲ್ಲ. ನಾನು ತಡೆಯಲಾರದೆ "ಅಕ್ಕಾ" ಎಂದೆ. ಆರು ವರ್ಷದಲ್ಲಿ ಮೊದಲನೆಯ ಸಲ. ಕೈ ಸರಿಯಿತು, ಬೆನ್ನು ಹಗುರಾಯಿತು. ಮುಸುಕಿನ ತೂತು ಸರಿಮಾಡಿಕೊಂಡು ತಿರುಗುವಷ್ಟರಲ್ಲಿ ಒಂದು ಕೂದಲ ಬೆನ್ನು ಗುಡ್ಡದ ಆಚೆ ಇಳಿಯುತ್ತಿತ್ತು. ಕರೆದದ್ದು ಕೇಳಿಸಿತೇನೋ, ಒಂದು ಕ್ಷಣ ನಿಂತು, ತಿರುಗದೆ ಹೋಯಿತು.

ಕೆಳಗೆ ಬಂದು ಟೆಂಪೋ ಹತ್ತಿರ ನೋಡಿದರೆ ದುಂಡಪ್ಪ ವೇಷವನ್ನು ಸೊಂಟದವರೆಗೆ ಇಳಿಸಿಕೊಂಡು ಡ್ರೈವರನ ಜೊತೆ ಬುತ್ತಿ ಉಣ್ಣುತ್ತಿದ್ದ. ಅಕ್ಕ ಎಲ್ಲಿ ಎಂದೆ. ಅವನು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ.

"ನಿಮಗ ಗೊತ್ತಿಲ್ಲೇನ್ರಿ ಬಾಯಾರ? ಅಕ್ಕಾರು ನಸುಕಿನ್ಯಾಗ ಮಿರಜಿಗಿ ಹ್ವಾದ್ರು. ಕಣ್ಣು ತೋರ್ಸಾಕ."

ಒಂದೇ ಮನೆಯಲ್ಲಿ ಮಲಗಿ ಎದ್ದವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಕೇತಕಿಯೂ ಕ್ಯಾಮೆರಾದವನೂ ದಿಬ್ಬ ಇಳಿದು ಬಂದರು. ಅವಳು ದುಂಡಪ್ಪನನ್ನು ಹೊಗಳಲು ಬಂದಿದ್ದಳು, ಹೇಳಿಕೊಡದೆಯೇ ಬಂಡೆಗೆ ಬಂದು ಎಷ್ಟು ಚೆನ್ನಾಗಿ ಮಾಡಿದೆ ಎಂದು. ನಾನು ಗುಡ್ಡ ಹತ್ತಿದಾಗಿನಿಂದ ಅವನು ಅಲ್ಲೇ ಕುಳಿತಿದ್ದಾನೆ ಎಂದು ಡ್ರೈವರ್ ಹೇಳಿದ. ನಾನು ಟೆಂಪೋ ಹತ್ತಿ ಅಕ್ಕನ ವೇಷವನ್ನು ಕೈಯಾರೆ ಮುಟ್ಟಿ ನೋಡಿದೆ. ಜಿಪ್ ಕಿತ್ತುಹೋಗಿತ್ತು. ಗೋಣಿ ಒಣಗಿ ಗರಿಗರಿಯಾಗಿತ್ತು, ಅಂದು ಯಾರೂ ತೊಟ್ಟದ್ದಲ್ಲ.

ನನ್ನ ಅನುಮಾನ ಮೊದಲು ಹೋದದ್ದು ಕೇತಕಿಯ ಮೇಲೆ. ನಮ್ಮ ಜಗಳದ ಸುದ್ದಿ ತಿಳಿದು, ಅಕ್ಕನಿಂದ ಆ ಉಗುರಿನ ಆಟ ಕೇಳಿಕೊಂಡು, ನನ್ನಿಂದ ನಿಜವಾದ ಅಳು ತೆಗೆಯಲು ಯಾರಿಂದಲೋ ಮಾಡಿಸಿದ್ದಾಳೆ. ನಾಲ್ಕನೆಯ ವೇಷ ಎಲ್ಲಿ ಅಡಗಿಸಿದ್ದೀ ಎಂದು ಕೇಳಿಯೇಬಿಟ್ಟೆ. ಅವಳು ಸಿಟ್ಟಾಗಲಿಲ್ಲ. ಅವಳಿಗೂ ಅಕ್ಕತಂಗಿಯರಾದ ನಮ್ಮಿಬ್ಬರ ಮೇಲೆ ಅದೇ ಅನುಮಾನವಿತ್ತು. ಅಂದು ತೆಗೆದದ್ದನ್ನು ತೋರಿಸಿದಳು. ಬಂಡೆಯ ಮೇಲೆ ಎರಡು ಕೂದಲ ಆಕಾರ, ಹಿಂದಿನದು ಮುಂದಿನದರ ತಲೆಯ ಮೇಲೆ ಬಾಗಿದೆ. ಊದುವುದು ಕಾಣುವುದಿಲ್ಲ. ಬಾಯಿ ಹೊಲಿದ ಮುಸುಕಿನಿಂದ ಯಾರಾದರೂ ಹೇಗೆ ಊದಿಯಾರು ಎಂಬುದು ನನಗೆ ಆಗ ಹೊಳೆಯಿತು.

ಅಕ್ಕ ಸಂಜೆ ಬಂದಳು, ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು, ಬಾವನವರ ಕೈಹಿಡಿದು. ನಾನು ಎಮ್ಮೆಯ ಹತ್ತಿರ ಹೋಗಲಿಲ್ಲ. ನೇರ ಅವಳ ಎದುರು ನಿಂತೆ.

"ನೀ ಇವತ್ತ ಗುಡ್ಡಕ್ಕ ಬಂದಿದ್ದೇನ?"

ಅವಳು ಪಟ್ಟಿಯಿಲ್ಲದ ಕಣ್ಣನ್ನು ನನ್ನ ಕಡೆ ತಿರುಗಿಸಿದಳು.

"ಇಲ್ಲವಾ. ಮಿರಜಿಗಿ ಹೋಗಿದ್ದೆ."

"ಉಗುರಿಂದು ಯಾರ ಮುಂದರ ಹೇಳಿಯೇನ?"

"ಯಾವ ಉಗುರು?" ಎಂದಳು. ನಾನು ನಡೆದದ್ದೆಲ್ಲ ಹೇಳಿದೆ. ಕೇಳಿ ಅವಳು ಕಟ್ಟೆಯ ಮೇಲೆ ಕುಳಿತುಬಿಟ್ಟಳು. "ಅದು ನಿನಗಿನ್ನೂ ನೆಪ್ಪೈತಿ?" ಎಂದಳು. ಆಮೇಲೆ, "ನಾ ಬಂದಿಲ್ಲ, ಯಾರಿಗೂ ಹೇಳಿಲ್ಲ. ನಂಬೂದು ಬಿಡೂದು ನಿನಗ ಬಿಟ್ಟಿದ್ದು. ಅವ್ವ ಹೋದ ದಿನಾನೂ ನಾ ಖರೇನ ಹೇಳಿದ್ದೆ" ಎಂದಳು.

ನಾಚಿಕೆಯ ಮಾತು, ಆದರೂ ಬರೆಯುತ್ತೇನೆ. ಅಂದು ಅವಳು ಮಲಗಿದ ಮೇಲೆ ಆಸ್ಪತ್ರೆಯ ಚೀಟಿ ತೆಗೆದು ನೋಡಿದೆ. ತಾರೀಖು ಸರಿಯಾಗಿತ್ತು. ಬಾವನವರನ್ನು ಬೇರೆಯಾಗಿ ಕೇಳಿದೆ, ಬಸ್ಸಿನಲ್ಲಿ ಬಂದ ನೆರೆಯವಳನ್ನು ಕೇಳಿದೆ. ಎಲ್ಲರೂ ಹೇಳಿದ್ದು ಒಂದೇ. ಎಲ್ಲರೂ ಇಷ್ಟು ಒಂದೇ ರೀತಿ ಹೇಳುತ್ತಿದ್ದಾರಲ್ಲ ಎಂದು ಅದಕ್ಕೂ ಅನುಮಾನಪಟ್ಟೆ. ಮರುದಿನ ದುಂಡಪ್ಪನನ್ನು ಕರೆದುಕೊಂಡು ಗುಡ್ಡದ ಆಚೆ ಹೋಗಿ ನೋಡಿದೆ. ಬರಿ ಗರಸು ನೆಲ, ಹೆಜ್ಜೆ ಮೂಡುವ ಜಾಗವಲ್ಲ. "ಬರ್ರಿ ಬಾಯಾರ, ಲಗೂನ ಇಳಿಯೂನು" ಎಂದು ಅವನು ಅವಸರ ಮಾಡಿದ. ಕೇತಕಿ ಉಳಿದದ್ದನ್ನು ಎರಡು ದಿನದಲ್ಲಿ ಮುಗಿಸಿಕೊಂಡು ಹೋದಳು. ಪಿಚ್ಚರನ್ನು ಪುಣೆಯಲ್ಲಿ ನಾಲ್ಕಾರು ಮಂದಿಗೆ ತೋರಿಸಿದಳಂತೆ, ಉದ್ದಕ್ಕೂ ನಕ್ಕವರು ಆ ತಲೆ ನೋಡುವ ಜಾಗದಲ್ಲಿ ಮಾತ್ರ ಸುಮ್ಮನಾದರಂತೆ.

ಅಕ್ಕನೂ ನಾನೂ ಈಗ ಮಾತಾಡುತ್ತೇವೆ. ಅವಳನ್ನು ನಂಬಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೇನೆ. ಅವಳು ಗುಡ್ಡಕ್ಕೆ ಬರಲಿಲ್ಲ ಎಂಬುದು ನಿಜವಾದರೆ, ಅವ್ವ ಹೋದ ದಿನ ನಾಲ್ಕು ಸಲ ಫೋನ್ ಮಾಡಿದ್ದೂ ನಿಜವಿರಬೇಕು, ನಾನು ಆರು ವರ್ಷ ಅವಳನ್ನು ಸುಮ್ಮಸುಮ್ಮನೆ ಸುಳ್ಳಿ ಎಂದಿರಬೇಕು. ಅದನ್ನು ಒಪ್ಪಿಕೊಳ್ಳುವುದು ಕಷ್ಟವಾದರೂ ಒಪ್ಪಿಕೊಂಡೆ. ಆದರೆ ಅಷ್ಟು ಒಪ್ಪಿದರೆ ಆ ಕೈ ಯಾರದೋ ಆಗಿ ಉಳಿಯುತ್ತದೆ. ಅದನ್ನು ಅವಳದೇ ಎನ್ನೋಣವೆಂದರೆ ಅವಳು ಮತ್ತೆ ಸುಳ್ಳಿಯಾಗುತ್ತಾಳೆ, ನನಗೆ ಅಕ್ಕ ಮತ್ತೆ ಇಲ್ಲವಾಗುತ್ತಾಳೆ.

ರವಿವಾರ ನಾನು ತಲೆಗೆ ಎರೆದುಕೊಂಡು ಅಂಗಳದಲ್ಲಿ ಕೂದಲು ಒಣಗಿಸುತ್ತ ಕುಳಿತರೆ ಅಕ್ಕ ಎಣ್ಣೆಯ ಬಟ್ಟಲು ಹಿಡಿದು ಹೊರಗೆ ಬರುತ್ತಾಳೆ. "ಬಾ, ಕುಂದ್ರ, ಹಚ್ತೀನಿ" ಎನ್ನುತ್ತಾಳೆ. ನಾನು ಏನಾದರೂ ನೆಪ ಹೇಳಿ ಎದ್ದು ಒಳಗೆ ಹೋಗುತ್ತೇನೆ. ಅವಳು ಮುಟ್ಟಿದರೆ ನನಗೆ ಗೊತ್ತಾಗಿಬಿಡುತ್ತದೆ, ಅದೇ ಕೈಯೋ ಅಲ್ಲವೋ ಎಂದು. ಎರಡರಲ್ಲಿ ಯಾವುದೂ ನನಗೆ ಗೊತ್ತಾಗುವುದು ಬೇಡ. ನಾಲ್ಕು ವರ್ಷವಾಯಿತು, ನನ್ನ ತಲೆಯನ್ನು ನಾನೇ ಬಾಚಿಕೊಳ್ಳುತ್ತೇನೆ.